ಡರ್ವ್ಲಾಳ ರಬ್ಬರ್ ರಕ್ತನಾಳ
ಐರ್ಲೆಂಡಿನ ಗಾಲ್ವೇ ಊರಲ್ಲಿ ವೈದ್ಯಕೀಯ ಉಪಕರಣ ತಯಾರಿಸುವ ಪ್ರತಿ ಕಂಪನಿಯಲ್ಲೂ ಇಂಥವರೊಬ್ಬರು ಇರುತ್ತಾರೆ, ನಮ್ಮಲ್ಲಿರುವವಳು ಡರ್ವ್ಲಾ. ರೋಗಿಯ ರಕ್ತನಾಳದಲ್ಲಿಟ್ಟ ನಳಿಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಕೊಂಡರೆ, ಅದನ್ನು ಕೀಳದೆ, ಒಳಗೆ ತೆಳು ತಂತಿಯೊಂದನ್ನು ನಡುಗಿಸಿ ಹೆಪ್ಪು ಒಡೆಯುವ ಸಾಧನ ಅವಳದು. ತಂತಿ ನಳಿಗೆಯ ತುದಿ ದಾಟಿದರೆ ನಾಳಕ್ಕೇ ಚುಚ್ಚುತ್ತದೆ. ಅದನ್ನು ತಡೆಯಲು ಸಾಧನದ ಹಿಡಿಕೆಯಲ್ಲಿ ಬೆರಳಿಂದ ಸರಿಸಿ ನಿಲ್ಲಿಸುವ ಒಂದು ಉಂಗುರವಿದೆ. ಸೋಮವಾರ ಬಂತೆಂದರೆ ಹಂದಿಯ ರಕ್ತ ತಂದು ನಲವತ್ತು ನಳಿಗೆಗಳು ಕಟ್ಟಿಕೊಳ್ಳುವಂತೆ ಬೇಕೆಂದೇ ಮಾಡುತ್ತಾಳೆ. ಮದುವೆಯೂಟದಲ್ಲಿ ಸಾಸ್ ಬಾಟಲಿ ಕಟ್ಟಿಕೊಂಡರೂ, "ಬಡೀಬೇಡ್ರೋ, ಒಳಗೇನಾಗಿದೆ ನೋಡೋಣ" ಎಂದು ಕಿತ್ತುಕೊಳ್ಳುತ್ತಾಳೆ. ಸಾಧನವನ್ನು ಪರೀಕ್ಷಿಸಲು ಹನ್ನೆರಡು ಗಂಟೆ ಪಾಳಿ ಮುಗಿಸಿದ ನರ್ಸ್‌ಗಳನ್ನೇ ಕರೆಯುತ್ತಾಳೆ. "ಚೆನ್ನಾಗಿ ನಿದ್ದೆ ಮಾಡಿದವರು ಯಾರೂ ಸಿಗಲ್ವೇನೇ ನಿನಗೆ?" ಎಂದು ಮ್ಯಾನೇಜರ್ ಫಿಂಟನ್ ರೇಗಿಸಿದರೆ, "ಆಸ್ಪತ್ರೇಲೇ ಸಿಗಲ್ಲ, ನಾನೆಲ್ಲಿಂದ ತರ್ಲಿ?" ಎನ್ನುತ್ತಾಳೆ. ಎರಡು ವರ್ಷದ ಕೆಲಸ ಕಳೆದ ವಾರ ಕೊನೆಯ ಪರೀಕ್ಷೆಗೆ ಬಂದಿತ್ತು. ಆ ಶುಕ್ರವಾರವೇ ಸಾಧನವನ್ನು ಮಾರಾಟದ ಅನುಮತಿಗೆ ಕಳಿಸಬೇಕಿತ್ತು. ಗ್ರಾನ್ಯಾ ಎಂಬ ಹಿರಿಯ ನರ್ಸ್‌ನ ಒದ್ದೆ ಕೈಗವಸಿನಲ್ಲಿ ಉಂಗುರ ಎರಡು ಮಿಲಿಮೀಟರ್ ಜಾರಿತು; ರೋಗಿಯ ನಾಳದ ಬದಲು ಪರೀಕ್ಷೆಗಿಟ್ಟಿದ್ದ ರಬ್ಬರ್ ನಾಳವನ್ನು ತಂತಿ ತೂತು ಮಾಡಿತು. "ಅಯ್ಯೋ, ನಂದೇ ತಪ್ಪಮ್ಮ, ಕೈ ಒರೆಸ್ಕೋಬೇಕಿತ್ತು" ಎಂದಳು ಆಕೆ. "ಬಳಸಿದವರ ತಪ್ಪು ಅಂತ ಬರಿ, ಮುಗೀತು" ಎಂದ ಫಿಂಟನ್. "ವಾರ್ಡಲ್ಲಿ ಒಣಗಿದ ಕೈ ಎಲ್ಲಾದ್ರೂ ನೋಡಿದ್ಯೇನೋ?" ಎಂದ ಡರ್ವ್ಲಾ, ವರದಿಯಲ್ಲಿ 'ತಪ್ಪು ಯಾರದು' ಎಂಬಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಶುಕ್ರವಾರ ಕಳಿಸುವ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಗ್ರಾನ್ಯಾಳತ್ತ ಕುರ್ಚಿ ಎಳೆದುಕೊಂಡು ಕೇಳಿದಳು: "ಕೈಗವಸು ತೆಗೀಬೇಡಿ. ಹಾಗೇ ಇನ್ನೊಂದ್ಸಲ ಜಾರಿಸಿ ತೋರಿಸ್ತೀರಾ?"