ನಿಧಾನಕ ಎಳಕೋರಿ

ಹೊಸ ಪುಡಿಯನ್ನು ಪರೀಕ್ಷಿಸುವಾಗ ನಮ್ಮ ಲ್ಯಾಬಿನ ಪಂಪು ನಿಧಾನಕ್ಕೆ ಒಮ್ಮೆ ಉಸಿರೆಳೆಯುತ್ತದೆ. ಆ ಸದ್ದು ನನ್ನ ಅಪ್ಪನದು. ಹೀಗೆಂದರೆ ಜೊತೆಯವರು ನನ್ನನ್ನು ಡಾಕ್ಟರ ಹತ್ತಿರ ಕಳಿಸಿಯಾರು, ಅದಕ್ಕೇ ಹೇಳುವುದಿಲ್ಲ.

ಪುಡಿ ಮಾಡುವುದೇ ನನ್ನ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ಔಷಧ ತುಂಬುತ್ತೇನೆ. ಉಸಿರಿನೊಡನೆ ಎಳೆದುಕೊಂಡರೆ ಅದು ಶ್ವಾಸಕೋಶದ ಆಳಕ್ಕಿಳಿದು ಸೋಂಕಿನ ಬ್ಯಾಕ್ಟೀರಿಯಾ ಕೊಲ್ಲಬೇಕು. ಕೊಲ್ಲುತ್ತದೋ ಇಲ್ಲವೋ ಎಂಬುದಷ್ಟೇ ಆಗ ನನ್ನ ಚಿಂತೆ. ಒಳಗೆ ಹೇಗೆ ಇಳಿಯುತ್ತದೆಂದು ನೋಡುವವರು ಬೇರೆ ಮೇಜಿನವರು.

ಧಾರವಾಡದಿಂದ ಈ ಪರದೇಶಕ್ಕೆ ಬಂದು ರೇನರ್ಸ್ ಲೇನಿನ ನಮ್ಮ ಫ್ಲ್ಯಾಟಿನಲ್ಲಿದ್ದ ಅಪ್ಪನಿಗೆ ಎದೆಯ ಸೋಂಕು ಮರುಕಳಿಸುತ್ತಿತ್ತು. ಆಸ್ಪತ್ರೆಯಲ್ಲಿ ಇಂಥದೇ ಪುಡಿಯನ್ನು ಇನ್ಹೇಲರಿನೊಡನೆ ಕೊಟ್ಟರು. ನರ್ಸ್ ಇಂಗ್ಲಿಷಿನಲ್ಲಿ ವಿವರಿಸಿ, ತಾನೇ ಎಳೆದು ತೋರಿಸಿದಳು. ಅಪ್ಪ ನನ್ನ ಮುಖ ನೋಡಿದರು. ಅವಸರದಲ್ಲಿದ್ದ ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ದಿನಾ ಪ್ರಾಣಾಯಾಮ ಮಾಡ್ತೀರಲ್ಲಪ್ಪಾ, ಹಂಗ. ನಿಧಾನಕ ಎಳಕೋರಿ."

ಅಪ್ಪ ನಕ್ಕರು. "ನಲವತ್ತು ವರ್ಷ ಆತು ಮಾಡ್ಲಿಕ್ಹತ್ತಿ. ನನಗ ಕಲಿಸ್ತೀಯೇನ?"

ಮರುದಿನದಿಂದ ಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಬೆರಳಲ್ಲಿ ಎಣಿಸುತ್ತ ಎಳೆಯುತ್ತಿದ್ದರು. ಎಷ್ಟು ಚೆಂದ ಎಂದು ನಾನು ಹೆಮ್ಮೆಪಟ್ಟೆ. ಜ್ವರ ಮಾತ್ರ ಇಳಿಯಲಿಲ್ಲ. ಮೂರನೆಯ ವಾರ ಆಸ್ಪತ್ರೆಗೆ ಸೇರಿದವರು ಮರಳಲಿಲ್ಲ.

ವರ್ಷದ ಮೇಲೆ ಪಂಪಿನ ಮೇಜಿನವನು ರಜೆ ಹಾಕಿದ. ಪರೀಕ್ಷೆ ನನ್ನ ಪಾಲಿಗೆ ಬಂತು. ಪಂಪಿನ ಯಂತ್ರಕ್ಕೆ ಲೋಹದ ಬಾಗಿದ ಗಂಟಲು, ಅದರ ಕೆಳಗೆ ಶ್ವಾಸಕೋಶದ ಬದಲು ಸಾಲು ತಟ್ಟೆಗಳು. ಪಂಪು ಜೋರಾಗಿ ಎಳೆದಾಗ ಪುಡಿ ಚದುರಿ ಕೊನೆಯ ತಟ್ಟೆಯವರೆಗೂ ಇಳಿಯಿತು. ನಿಧಾನಕ್ಕೆ ಎಳೆಸಿ ಗಂಟಲು ಬಿಚ್ಚಿದೆ. ಅಷ್ಟೂ ಪುಡಿ ಅಲ್ಲೇ ಅಂಟಿತ್ತು, ರೊಟ್ಟಿ ಬಡಿದ ಮೇಲೆ ಪರಾತದಲ್ಲಿ ಉಳಿಯುವ ಹಿಟ್ಟಿನ ಹಾಗೆ.

ಆಗ ನರ್ಸಿನ ಮಾತು ನೆನಪಾಯಿತು. ಒಂದೇ ಸಲಕ್ಕೆ, ಜೋರಾಗಿ, ಆಳವಾಗಿ ಎಂದಿದ್ದಳು. ನಾನು ಹೇಳಿದ ಕನ್ನಡದಲ್ಲಿ ಆ 'ಜೋರಾಗಿ' ಇರಲೇ ಇಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆ ನಾನೇ. ಔಷಧ ಒಳಗಿಳಿದಿದ್ದರೆ ಅಪ್ಪ ಉಳಿಯುತ್ತಿದ್ದರೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ಒಮ್ಮೊಮ್ಮೆ ಅಪ್ಪನ ಮೇಲೇ ಸಿಟ್ಟು ಬರುತ್ತದೆ. ಜೀವಮಾನವಿಡೀ ನನ್ನ ಮಾತು ಕೇಳದವರು ಅದೊಂದನ್ನೇ ಅಷ್ಟು ಶ್ರದ್ಧೆಯಿಂದ ಕೇಳಬೇಕಿತ್ತೇ?

ಈಗ ಪ್ರತಿ ಹೊಸ ಪುಡಿಯನ್ನೂ ನಾನೇ ಮೊದಲು ನಿಧಾನದ ಉಸಿರಿಗೆ ಹಚ್ಚಿ ನೋಡುತ್ತೇನೆ. ಮೊನ್ನೆ ಹೊಸದಾಗಿ ಸೇರಿದವಳು ಕೇಳಿದಳು, ಇಷ್ಟು ನಿಧಾನಕ್ಕೆ ಯಾರು ಎಳೆಯುತ್ತಾರೆ ಎಂದು.

"ಹೇಳಿಕೊಟ್ಟ ಹಾಗೇ ಎಳೆಯುವವರು" ಎಂದೆ.

ಪಂಪು ನಿಂತಿತು. ಗಂಟಲು ಬಿಚ್ಚಿದೆ. ಒಳಗೆ ಪುಡಿ ಅಂಟಿ ಇನ್ನೂ ಬೆಳ್ಳಗೇ ಇತ್ತು.