ಸೇತುವೆಯ ಬಳಿ ಉಳಿದ ದೀಪು

2006ರಲ್ಲಿ ನಾನು ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟ್ ಲೀಡ್ ಆಗಿದ್ದೆ. ವಿದೇಶದಲ್ಲಿ ತಯಾರಾಗುವ ವಿಡಿಯೋ ಗೇಮ್‌ಗಳನ್ನು ಮಾರುಕಟ್ಟೆಗೆ ಬರುವ ಮೊದಲು ಆಡಿ, ತಪ್ಪು ಹುಡುಕಿಕೊಡುವುದು ನಮ್ಮ ಕೆಲಸ. "ಆಟ ಆಡೋಕೂ ಸಂಬಳ ಕೊಡ್ತಾರೇನ್ರೀ?" ಎಂದು ನನ್ನ ಮಾವನವರು ಕೊನೆಯವರೆಗೂ ಕೇಳುತ್ತಿದ್ದರು. ಒಂದೇ ಗೋಡೆಗೆ ದಿನವಿಡೀ ಡಿಕ್ಕಿ ಹೊಡೆಸಿ, ಪಾತ್ರ ಗೋಡೆಯೊಳಗೆ ತೂರಿಬಿಡುತ್ತದೆಯೇ ಎಂದು ನೋಡುವುದು ಆಟವಾದರೆ, ಹೌದು, ಕೊಡುತ್ತಿದ್ದರು.

ಆ ವರ್ಷ ಒಂದು ಹಳೆಯ, ಹೆಸರಾಂತ ಆಟದ ರೀಮೇಕ್ ನಮ್ಮಲ್ಲಿಗೆ ಬಂತು. ಟಿವಿಗೆ ಜೋಡಿಸಿ ಆಡುತ್ತಿದ್ದುದನ್ನು ಅಂಗೈಯಗಲದ ಯಂತ್ರಕ್ಕೆ ಹೊಸ ಚಿತ್ರ, ಹೊಸ ಸಂಗೀತ ಹಾಕಿ ಮತ್ತೆ ಮಾಡಿದ್ದರು. ಮಾಟಗಾರರು, ಡ್ರ್ಯಾಗನ್‌ಗಳ ಲೋಕ. ನಾಲ್ವರು ವೀರರು ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯುತ್ತಾರೆ. ಕಾಳಗವೂ ಸರದಿಯಲ್ಲೇ: ನಾವು ಹೊಡೆಯುವವರೆಗೆ ಶತ್ರು ಮರ್ಯಾದೆಯಿಂದ ಕಾಯುತ್ತಾನೆ. ವೀರರಿಗೆ ಹೆಸರಿಡುವವರು ಆಡುವವರೇ. ಟೆಸ್ಟರ್‌ಗಳಿಗೆ ಅದಕ್ಕೆಲ್ಲ ಪುರಸೊತ್ತೆಲ್ಲಿ? ಎ, ಬಿ, ಸಿ, ಡಿ ಎಂದು ಒತ್ತಿ ಮುಂದೆ ಹೋಗುತ್ತಿದ್ದೆವು. ವನಿತಾ ಮಾತ್ರ ಎಲ್ಲರಿಗಿಂತ ಕಿರಿಯನಾದ ಬಿಲ್ಲುಗಾರನಿಗೆ ದೀಪು ಎಂದು ಹೆಸರಿಟ್ಟಿದ್ದಳು.

ವನಿತಾ ನಮ್ಮ ತಂಡದ ಚುರುಕಾದ ಟೆಸ್ಟರ್. ರಾಮಮೂರ್ತಿ ನಗರದ ಹುಡುಗಿ, ತಂದೆ ಸರ್ಕಾರಿ ಕಾರ್ಖಾನೆಯ ನೌಕರರು. ಒಂದು ದಿನ ಅವಳು ಒಂದು ಬಗ್, ಎಂದರೆ ಪ್ರೋಗ್ರಾಮಿನ ದೋಷ, ವರದಿ ಮಾಡಿದಳು. ಕಥೆಯ ನಡುವೆ ಒಂದು ಸೇತುವೆಯಲ್ಲಿ ಬಿಲ್ಲುಗಾರ ಉಳಿದವರನ್ನು ದಾಟಿಸಿ ತಾನು ಸಾಯುತ್ತಾನೆ. ಆದರೆ ಅದಕ್ಕೆ ಮೊದಲೇ ಅವನು ಕಾಳಗದಲ್ಲಿ ಮೂರ್ಛೆ ಹೋಗಿ ಸಾಲಿನ ಕೊನೆಯಲ್ಲಿದ್ದರೆ, ಕಥೆ ಅವನನ್ನು ಸಾಯಿಸಿದರೂ ಸಾಲಿನಿಂದ ತೆಗೆಯಲು ಮರೆಯುತ್ತದೆ. ಮುಂದಿನ ಊರಿನ ಛತ್ರದಲ್ಲಿ ಮಲಗಿಸಿದರೆ ಎದ್ದು ಎಲ್ಲರ ಜೊತೆ ನಡೆಯುತ್ತಾನೆ. ಕೊನೆಯ ಕಾಳಗದಲ್ಲಿ ಅವನ ಸರದಿ ಬಂದೊಡನೆ ಮಾತ್ರ ಆಟ ನಿಂತುಹೋಗುತ್ತದೆ, ಅಲ್ಲಿಯವರೆಗೆ ಆಡಿ ಉಳಿಸಿಟ್ಟದ್ದೆಲ್ಲ ಅಳಿಸಿಹೋಗುತ್ತದೆ.

"ಇದನ್ನ ಹೇಗಮ್ಮಾ ಹುಡುಕ್ದೆ?" ಎಂದೆ. ಅಪ್ಪಿತಪ್ಪಿ ಸಿಗುವಂಥದ್ದಲ್ಲ ಅದು.

"ನಾನಲ್ಲ ಸರ್, ದೀಪು ಹುಡುಕಿದ್ದು. ನನ್ನ ತಮ್ಮ."

ಚಿಕ್ಕಂದಿನಲ್ಲಿ ತಂದೆ ಶಿವಾಜಿನಗರದಿಂದ ತಂದಿದ್ದ ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಅಕ್ಕ ತಮ್ಮ ಇದೇ ಆಟದ ಹಳೆಯ ರೂಪವನ್ನು ಆಡುತ್ತಿದ್ದರಂತೆ. ಬಿಲ್ಲುಗಾರ ಸತ್ತಾಗಲೆಲ್ಲ ದೀಪು ಅಳುತ್ತಿದ್ದ. ಹಟ ಹಿಡಿದು ಮತ್ತೆ ಮತ್ತೆ ಆಡಿ, ಅವನನ್ನು ಉಳಿಸುವ ದಾರಿ ಕಂಡುಕೊಂಡಿದ್ದ. ಹಳೆಯ ಆಟದಲ್ಲಿ ಕೊನೆಗೆ ಏನೂ ಕೆಡುತ್ತಿರಲಿಲ್ಲ. ಆಮೇಲೆ ದೀಪುವಿಗೇ ರಕ್ತದ ಕ್ಯಾನ್ಸರ್ ಬಂತು. ಹನ್ನೆರಡು ತುಂಬುವ ಮೊದಲೇ ಹೋಗಿಬಿಟ್ಟ.

ಅವಳು ಬಾಯಿ ಬಿಡದಿದ್ದರೆ ಈ ದೋಷ ಇನ್ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಟವನ್ನು ತುಂಬಿ ಮಾರುವ ಕಾರ್ಟ್ರಿಜ್ ಒಮ್ಮೆ ತಯಾರಾದರೆ ತಿದ್ದುವಂತೆಯೂ ಇರಲಿಲ್ಲ. ಅವಳ ತಮ್ಮನ ಬಿಲ್ಲುಗಾರ ಅದರಲ್ಲಿ ಹಾಗೆಯೇ ಉಳಿಯುತ್ತಿದ್ದ. ಮತ್ತೇಕೆ ವರದಿ ಮಾಡಿದೆ ಎಂದು ಕೇಳಿದೆ.

"ಯಾವ್ದೋ ಮಗು ಇವನನ್ನ ಉಳಿಸ್ಕೊಂಡು ಕೊನೇವರೆಗೂ ಬಂದು, ಅಲ್ಲಿ ಎಲ್ಲಾ ಕಳ್ಕೊಂಡ್ರೆ?" ಎಂದಳು. "ನಮ್ಮನೇಲಿ ಆಗಿದ್ದು ಸಾಕು ಸರ್."

ಆಟ ನಿಲ್ಲುವುದನ್ನಷ್ಟೇ ಸರಿಪಡಿಸಿ, ಹುಡುಗನನ್ನು ಇರಲು ಬಿಡಿ ಎಂದು ನಾನು ಆಟ ತಯಾರಿಸುತ್ತಿದ್ದ ವಿದೇಶಿ ಕಂಪನಿಗೆ ಬರೆದೆ. ಕಥೆಯಲ್ಲಿ ಅವನು ಸತ್ತಿದ್ದಾನೆ, ಸಾಲಿನಿಂದ ತೆಗೆದಿದ್ದೇವೆ ಎಂದು ಉತ್ತರ ಬಂತು. ಅವರು ಹೇಳಿದ್ದು ಸರಿಯೇ. ಆದರೂ ಮುಖ ಕಾಣದ ಆ ಜನರ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಇನ್ಯಾವತ್ತೂ ಬಂದಿಲ್ಲ.

ನಮ್ಮಲ್ಲೊಂದು ಪದ್ಧತಿಯಿತ್ತು. ಬಗ್ ಹುಡುಕಿದವರೇ, ಅದು ಸರಿಹೋಗಿದೆಯೆಂದು ಆಡಿ ನೋಡಿ, ಆ ವರದಿಯನ್ನು ಕ್ಲೋಸ್ ಮಾಡಬೇಕು. "ಇದೊಂದು ನಾನು ಮಾಡ್ತೀನಿ, ಬಿಡಮ್ಮಾ" ಎಂದೆ.

"ಬೇಡ ಸರ್. ಅವನ ಜೊತೆ ನಾನೇ ಇರ್ತೀನಿ."

ಊಟದ ನಂತರ ಕೂತು, ಬಗ್ ಕಾಣಿಸಿಕೊಳ್ಳಲು ಬೇಕಾದಂತೆ ಬಿಲ್ಲುಗಾರನನ್ನು ಕಾಳಗದಲ್ಲಿ ಮೂರ್ಛೆ ಬೀಳಿಸಿ ಸಾಲಿನ ಕೊನೆಗೆ ತಂದಳು. ನಾನು ಅವಳ ಕುರ್ಚಿಯ ಹಿಂದೆ ನಿಂತೆ. ಈ ಆಟ ಬಲ್ಲವರು ಸೇತುವೆಗೆ ಮೊದಲು ಬಿಲ್ಲುಗಾರನ ಮೈಮೇಲಿನ ಆಯುಧ, ಕವಚವನ್ನೆಲ್ಲ ಕಳಚಿ ಇಟ್ಟುಕೊಳ್ಳುತ್ತಾರೆ. ಅವನೊಂದಿಗೆ ಹೋದದ್ದು ಮರಳಿ ಬರುವುದಿಲ್ಲ. ವನಿತಾ ಹಾಗೆ ಮಾಡಲಿಲ್ಲ. ಇದ್ದುದರಲ್ಲಿ ಒಳ್ಳೆಯ ಬಿಲ್ಲು, ಉಳಿದವರ ಮೈಮೇಲಿನ ಗಟ್ಟಿ ಕವಚ, ಚೀಲದಲ್ಲಿದ್ದ ಔಷಧಿಯೆಲ್ಲ ದೀಪುವಿಗೆ ಕೊಟ್ಟಳು.

"ಟೆಸ್ಟಿಗೆ ಇದೆಲ್ಲಾ ಬೇಕಿಲ್ವಲ್ಲಮ್ಮಾ."

"ಗೊತ್ತು ಸರ್. ಅವತ್ತು ಆಸ್ಪತ್ರೆಗೆ ಎತ್ಕೊಂಡು ಓಡೋವಾಗ ಒಂದು ಸ್ವೆಟರ್ ಹಾಕ್ಸೋಕೂ ಆಗ್ಲಿಲ್ಲ. ಇವತ್ತಾದ್ರೂ ಎಲ್ಲಾ ತಗೊಂಡು ಹೋಗ್ಲಿ."

ಸೇತುವೆಯ ಆಚೆ ಮೂವರೇ ನಡೆದರು. ಛತ್ರಕ್ಕೂ ಹೋಗಿ ನೋಡಿದಳು. ನಾಲ್ಕನೆಯ ಮಂಚ ಖಾಲಿಯಿತ್ತು. ಸರಿಹೋಗಿದೆ ಎಂದು ಬರೆದು, ಕ್ಲೋಸ್ ಒತ್ತಿ, ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ಬಂತು.

ಸರಿಯಾದ ಕೆಲಸ ಮಾಡಿದರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ಹಾಗೇನಿಲ್ಲ, ಕೆಲವು ಸಲ ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡೇ ಸರಿಯಾದದ್ದನ್ನು ಮಾಡಬೇಕಾಗುತ್ತದೆ ಎಂಬುದನ್ನು ನನಗೆ ಈ ವೃತ್ತಿ ಕಲಿಸಿತು, ವನಿತಾ ಕಲಿಸಿದಳು. ಆ ಆಟದ ಒಂದು ಕಾರ್ಟ್ರಿಜ್ ಇನ್ನೂ ನನ್ನ ಬಳಿ ಇದೆ, ಆಗಾಗ ಆಡುತ್ತೇನೆ. ಸೇತುವೆ ಹತ್ತಿರವಾದಾಗ ಬಿಲ್ಲುಗಾರನ ಕವಚ ಕಳಚಲು ಇಂದಿಗೂ ನನಗೆ ಕೈ ಬರುವುದಿಲ್ಲ.