ಆಚಾರ್ರಿಗೆ ಕಾಣದ ಬಾಲಚುಕ್ಕಿ

ಕಳೆದ ವಾರ ಓಲೆಗೆ ಕಲ್ಲು ಕೂರಿಸಿಕೊಳ್ಳಲು ನಾಗಮಂಗಲದ ಒಂದು ಅಂಗಡಿಗೆ ಹೋಗಿದ್ದೆ. ಓಲೆ ಅಲುಗದಂತೆ ಹಿಡಿದಿಡಲು ಕೆಲಸಗಾರ ಅರಗು ಕಾಯಿಸಿದ. ಆ ವಾಸನೆಗೆ ಹೊಣಕೆರೆಯ ನಮ್ಮ ಎದುರುಮನೆಯ ಆಚಾರ್ರು ನೆನಪಾದರು...

ಅವರು ಚಿನ್ನದ ಕೆಲಸದವರು. ನಾನು ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು. ಐದಕ್ಕೆ ಏಳುವುದು, ಒಂಬತ್ತೂವರೆಗೆ ಮಲಗುವುದು. ನಡುವೆ ಯಾವುದೂ ಹಿಂದೆಮುಂದೆ ಆಗುವಂತಿಲ್ಲ. ಆಚಾರ್ರಿಗೆ ನನ್ನಲ್ಲಿ ಹಿಡಿಸಿದ್ದು ಅದೇ ಇರಬೇಕು. ಅವರು ದಪ್ಪ ಗಾಜಿನ ಬಿಲ್ಲೆಯೊಂದನ್ನು ತಿಂಗಳುಗಟ್ಟಲೆ ಉಜ್ಜಿ, ಒಡವೆಗೆ ಹಾಕುವ ಕೆಂಪು ಪುಡಿಯಲ್ಲೇ ಅದಕ್ಕೂ ಹೊಳಪು ಕೊಟ್ಟು, ಬೋರ್‌ವೆಲ್ ಪೈಪಿನೊಳಗೆ ಕೂರಿಸಿ ದೂರದರ್ಶಕ ಮಾಡಿದ್ದರು. ನೋಟದ ನಡುವೆ ಅಡ್ಡಕ್ಕೂ ಉದ್ದಕ್ಕೂ ಕೂದಲಿಗಿಂತ ಸಣ್ಣ ಬೆಳ್ಳಿ ತಂತಿ. ಅದನ್ನೂ ತಾವೇ ಎಳೆದದ್ದು.

ಸುಮಾರು ಆರು ವರ್ಷಕ್ಕೊಮ್ಮೆ ಸೂರ್ಯನ ಹತ್ತಿರ ಬಂದು ಹೋಗುವ ಒಂದು ಧೂಮಕೇತು ಇತ್ತು. ಬರಿಗಣ್ಣಿಗೆ ಕಾಣುವುದಲ್ಲ. ಮೊದಲ ಸಲ ಅದು ಬಂದಾಗ ಆಚಾರ್ರು ಹನ್ನೊಂದು ಸಂಜೆ ಅದರ ಬೆನ್ನುಬಿದ್ದರು. ತಂತಿಗೆ ಒಂದು ನಕ್ಷತ್ರ ತಾಗಿಸಿ, ಅದರಿಂದ ಬಾಲಚುಕ್ಕಿ ಎಷ್ಟು ಸರಿದಿದೆಯೆಂದು ಹಾಳೆಯ ಮೇಲೆ ಗುರುತು ಹಾಕುತ್ತಿದ್ದರು. ನನ್ನ ಕೆಲಸ ಪಕ್ಕದಲ್ಲಿ ಕೂತು ಹೊತ್ತು, ಮೋಡ, ಕಂಡದ್ದು ಬರೆಯುವುದು. ನನಗೂ ತೋರಿಸಲು ನೋಡಿದರು.

"ನೆಟ್ಟಗ್ ನೋಡುದ್ರೆ ಓಡೋಯ್ತದೆ ಸಿಸ್ಟರಮ್ಮ. ಪಕ್ಕುಕ್ ನೋಡಿ, ಅದೇ ಬತ್ತದೆ."

ನನಗೆ ಬರಲಿಲ್ಲ. ಬರೆಯುವುದಷ್ಟೇ ಸಾಕೆಂದುಕೊಂಡೆ.

ಅದು ಎರಡನೇ ಸಲ ಬರುವ ಹೊತ್ತಿಗೆ ಆಚಾರ್ರಿಗೆ ಗ್ಲಾಕೋಮಾ. ಆ ಕಾಯಿಲೆ ಮೊದಲು ತಿನ್ನುವುದು ಪಕ್ಕದ ನೋಟವನ್ನೇ. ಮತ್ತೊಂದು ಆರು ವರ್ಷಕ್ಕೆ ಕಣ್ಣು ಉಳಿಯುವುದಿಲ್ಲವೆಂದು ಮೈಸೂರಿನ ಡಾಕ್ಟರು ಮುಚ್ಚಿಡದೆ ಹೇಳಿದ್ದರು. ಅಂದರೆ ಆಚಾರ್ರಿಗೆ ಉಳಿದಿದ್ದದ್ದು ಆ ಒಂದು ಮಾಗಿ ಮಾತ್ರ. ತಾವು ಲೆಕ್ಕ ಹಾಕಿದ ಜಾಗಕ್ಕೇ ಅದು ಬರುತ್ತದೋ ಇಲ್ಲವೋ ನೋಡಬೇಕಿತ್ತು.

ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕಿತ್ತು. ಅವರೇ ಹಾಕಿಕೊಂಡರೆ ಅರ್ಧ ಕೆನ್ನೆಗೆ ಹೋಗುತ್ತಿತ್ತು. ಹೆಂಡತಿ ತೀರಿಹೋಗಿದ್ದರು, ಹಾಗಾಗಿ ಆ ಕೆಲಸ ನನ್ನದಾಯಿತು. ಸಂಜೆ ಆರಕ್ಕೆ ಹನಿ, ಏಳಕ್ಕೆ ತಾರಸಿಯ ಮೇಲೆ ದೂರದರ್ಶಕ. ಎರಡನೆಯ ಸಂಜೆಯೇ ಅವರು ಕೇಳಿದರು:

"ಇದೊಂದ್ನ ಎಲ್ಡ್ ಗಂಟೆ ತಡ್ದು ಆಕ್ರೆ ಆಗಲ್ವಾ? ಆಕುದ್ಮೇಲೆ ಎಲ್ಲಾ ಮಬ್ಬಾಯ್ತದೆ."

"ಆರು ಅಂದ್ರೆ ಆರು. ತಲೆ ಮೇಲೆತ್ತಿ ಆಚಾರ್ರೇ," ಅಂದೆ.

ಎತ್ತಿದರು.

ಎಂಟು ಸಂಜೆ ಆಕಾಶ ತಿಳಿಯಾಗಿತ್ತು. ಎಂಟು ಸಲವೂ 'ಕಾಣಲಿಲ್ಲ' ಎಂದು ಬರೆದೆ. ಒಂಬತ್ತನೆಯ ಸಂಜೆ, ಡೈರಿಗೆ ಹಾಲು ಹಾಕಿ ಕ್ಯಾನು ಹಿಡಿದು ಬರುತ್ತಿದ್ದ ಗೌಡರು ಬೀದಿಯಿಂದಲೇ ಕೂಗಿದರು. ಅವರೂ ಆಚಾರ್ರೂ ಹುಡುಗರಾಗಿದ್ದಾಗ ಒಟ್ಟಿಗೆ ಶಾಲೆ ತಪ್ಪಿಸಿದವರು.

"ಏನ್ಲಾ ಆಚಾರಿ, ಮೇಲೆ ಚಿನ್ನಗಿನ್ನ ಸಿಕ್ತಾ?"

"ಸಿಕ್ರೆ ಮೊದ್ಲು ನಿನ್ನೆಮ್ಮೆಗೇ ಮೂಗ್ತಿ ಕಣ್ಲಾ. ಬಾ, ನೀನೂ ನೋಡ್ಬುಡು."

ಗೌಡರು ನಗುತ್ತಾ ಹತ್ತಿ ಬಂದರು. ಬಗ್ಗಿ ಕಣ್ಣಿಟ್ಟರು.

"ಲೇ, ಅದ್ಯಾವ್ದ್ಲಾ ತಂತಿ ಪಕ್ದಲ್ಲಿ? ಬೂದಿ ಊದ್ದಂಗೈತೆ!"

ಆಚಾರ್ರು ಅವರನ್ನು ಸರಿಸಿ ತಾವು ಕಣ್ಣಿಟ್ಟರು. ಬಹಳ ಹೊತ್ತು ಹಾಗೆಯೇ ಬಗ್ಗಿದ್ದರು... ಆಮೇಲೆ ನೆಟ್ಟಗಾಗಿ, "ಬರ್ಕೊಳಿ ಸಿಸ್ಟರಮ್ಮ, ಕಂಡ್ತು ಅಂತ," ಎಂದರು.

"ಯಾರಿಗೆ ಅಂತ ಬರೀಲಿ?"

ಕೇಳಬಾರದಿತ್ತು. ಕೇಳಿದೆ. ಅವರು ದೂರದರ್ಶಕದ ಬಾಯಿಗೆ ಬಟ್ಟೆ ಕಟ್ಟಿದರು. ಗೌಡರು ಕ್ಯಾನು ಎತ್ತಿಕೊಂಡು ಸದ್ದಿಲ್ಲದೆ ಇಳಿದುಹೋದರು. ಮಾರನೆಯ ದಿನದಿಂದ ವಾರವಿಡೀ ಮೋಡ. ಅಷ್ಟರಲ್ಲಿ ಅದು ದೂರವಾಗಿ ಮಸುಕಾಗಿತ್ತು.

ತಿಂಗಳ ನಂತರ ಮೈಸೂರಿಗೆ ಕಣ್ಣು ತೋರಿಸಲು ಹೋದಾಗ ಆಚಾರ್ರು ಡಾಕ್ಟರಿಗೆ ಇದನ್ನೆಲ್ಲ ಹೇಳಿದರು, ದೂರಿನಂತೆ ಅಲ್ಲ, ಸುದ್ದಿಯಂತೆ. ಡಾಕ್ಟರು ನನ್ನ ಕಡೆ ನೋಡಿದರು. ಆ ಹನಿ ಕಣ್ಣಿನ ಪಾಪೆಯನ್ನು ಕುಗ್ಗಿಸುತ್ತದೆ, ಕತ್ತಲಲ್ಲಿ ಅಷ್ಟು ಮಂದ ಬೆಳಕು ಒಳಗೆ ಹೋಗುವುದೇ ಇಲ್ಲ. ನಾಲ್ಕು ದಿನ ಸಂಜೆಯದನ್ನು ಎರಡು ಗಂಟೆ ತಡವಾಗಿ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ ಎಂದರು. ಪಾಪೆ ಕುಗ್ಗುವುದು ನನಗೆ ತಿಳಿಯದ ಸಂಗತಿಯಲ್ಲ. ಎಷ್ಟೋ ಕಣ್ಣಿಗೆ ಹಾಕಿದ ಹನಿ ಅದು. ಆ ಸಂಜೆ ಗಡಿಯಾರ ನೋಡಿದೆ, ಆಚಾರ್ರು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ಬಸ್ಸು ಪಾಂಡವಪುರ ದಾಟಿತು. ಆಚಾರ್ರೇ ಹೇಳಿದರು: "ಓಗ್ಲಿ ಬುಡಿ ಸಿಸ್ಟರಮ್ಮ. ಮತ್ತೆ ಬತ್ತದಲ್ಲ." ಬರುತ್ತದೆಂದು ನನಗೂ ಗೊತ್ತಿತ್ತು. ಅವರ ಕಣ್ಣಿಗಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮೂರು ವರ್ಷಕ್ಕೆ ಎರಡೂ ಕಣ್ಣು ಹೋದವು. ಕೊನೆಯವರೆಗೂ ಸಂಜೆ ಜಗಲಿಯಲ್ಲಿ ಕೂತು, ನನ್ನ ಹೆಜ್ಜೆ ಸದ್ದಿಗೆ "ಮೋಡ ಐತಾ?" ಎಂದು ಕೇಳುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಕ್ಷಮಿಸಿ ಎಂದು ನಾನು ಒಮ್ಮೆಯೂ ಹೇಳಲಿಲ್ಲ...

ಈಗ ಅದು ಮೂರನೆಯ ಸಲ ಬಂದಿದೆಯೆಂದು ಮೊನ್ನೆ ಪತ್ರಿಕೆಯಲ್ಲಿ ನಾಲ್ಕು ಸಾಲು ಇತ್ತು. ಬರಿಗಣ್ಣಿಗೆ ಕಾಣದೆಂದು ಗೊತ್ತಿದ್ದೂ ನಿನ್ನೆ ಏಳಕ್ಕೆ ತಾರಸಿಗೆ ಹೋಗಿ ಪಡುವಣಕ್ಕೆ ಮುಖ ಮಾಡಿ ನಿಂತೆ. ಮೋಡವಿರಲಿಲ್ಲ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ಎಲ್ಲಿ ನೋಡಬೇಕೆಂದು ಗೊತ್ತಿಲ್ಲ.